ಎಲುಬು ಕೂಡಿದೆ, ಅತ್ತೆ ಇನ್ನೂ ಎದ್ದಿಲ್ಲ

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ನಮ್ಮ ಅತ್ತೆಗೆ 72 ವರ್ಷ. ಮಾರ್ಚ್ ಮೊದಲ ವಾರ ಬಚ್ಚಲಿನಲ್ಲಿ ಜಾರಿ ಬಿದ್ದರು. ಟೊಂಕ ಹಿಡಿದಿರಬೇಕು ಅಂತ ತಿಳಿದು ಎರಡು ದಿನ ನಾಟಿ ಕಟ್ಟು ಕಟ್ಟಿಸಿದೆವು. ಕಡಿಮೆ ಆಗಲಿಲ್ಲ. ಆಸ್ಪತ್ರೆಗೆ ಹೋದಾಗ ಎಲುಬು ಮುರಿದಿದೆ ಅಂದರು. ಬಿದ್ದ ನಾಲ್ಕನೇ ದಿನ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಈಗ ಹತ್ತು ವಾರ ಆಯ್ತು. ಮೊನ್ನೆ ಎಕ್ಸ್‌ರೇ ನೋಡಿದ ಡಾಕ್ಟರು "ಎಲುಬು ಚೆನ್ನಾಗಿ ಕೂಡ್ತಾ ಇದೆ, ಇನ್ನೂ ಯಾಕೆ ನಡೆಸಿಲ್ಲ?" ಅಂತ ಕೇಳಿದರು. ಊರಲ್ಲಿ ಎಲ್ಲರೂ ಮೂರು ತಿಂಗಳು ಕಾಲು ನೆಲಕ್ಕೆ ತಾಗಿಸಬಾರದು ಅಂದಿದ್ದರು. ಹಾಗಾಗಿ ಅತ್ತೆ ಮಂಚ ಬಿಟ್ಟು ಇಳಿದೇ ಇಲ್ಲ. ಕೂರಿಸಿದರೆ ತಲೆ ಸುತ್ತುತ್ತದೆ ಅಂತಾರೆ. ಕಾಲು ಎರಡೂ ಸೊರಗಿವೆ. ಹಗಲೆಲ್ಲ ಮಂಪರು. ರಾತ್ರಿ ತೀರಿಹೋದ ಮಾವನ ಜೊತೆ ಮಾತಾಡುತ್ತಾರೆ. ನಿದ್ದೆ ಬರಲಿ ಅಂತ ಔಷಧಿ ಅಂಗಡಿಯಿಂದ ಮಾತ್ರೆ ತಂದು ಕೊಡುತ್ತಿದ್ದೇವೆ. ಬಿ.ಪಿ., ಶುಗರ್ ಮೊದಲಿನಿಂದ ಇದೆ. ಗಾಯಕ್ಕೆ ನಂಜು ಅಂತ ತತ್ತಿ, ಬೇಳೆ, ಶೇಂಗಾ, ಬದನೆಕಾಯಿ ಬಿಡಿಸಿದ್ದೇವೆ. ಗಂಜಿ, ತಿಳಿಸಾರು ಅನ್ನ ಮಾತ್ರ. ಬೀಳುವ ಮುಂಚೆ ಮನೆಯ ರೊಟ್ಟಿಯೆಲ್ಲ ಅವರೇ ಬಡಿಯುತ್ತಿದ್ದರು. ಕೊಪ್ಪಳದ ಗವಿಮಠದ ಜಾತ್ರೆಗೆ ವರ್ಷಾ ರೊಟ್ಟಿ ಮಾಡಿ ಕೊಡುತ್ತಿದ್ದರು, ತಾವೂ ಹೋಗುತ್ತಿದ್ದರು. ಈಗ "ನನ್ನದು ಮುಗೀತು, ಬಿಡ್ರಿ" ಅಂತಾರೆ. ಮೈದುನ ಆಪರೇಷನ್ ಕೆಟ್ಟಿದೆ, ಹುಬ್ಬಳ್ಳಿಗೆ ಕರಕೊಂಡು ಹೋಗಿ ಇನ್ನೊಂದು ಸಲ ಮಾಡಿಸೋಣ ಅಂತಾರೆ. ಎಣ್ಣೆ ಹಚ್ಚಿ ತಿಕ್ಕುವವರನ್ನು ಕರೆಸಿ ಅನ್ನುವವರೂ ಇದ್ದಾರೆ. ಅತ್ತೆ ಮೊದಲಿನ ಹಾಗೆ ಆಗುತ್ತಾರಾ? ನಾವು ತಡ ಮಾಡಿಬಿಟ್ಟೆವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಪತ್ರದ ತುಂಬಾ ಅದೇ ಭಯ ಕಾಣುತ್ತದೆ. ತಡ ಆಗಿದೆ, ನಿಜ. ಆದರೆ ಕೈ ಮೀರಿಲ್ಲ. ಈ ಮುರಿತದ ನಂತರ ಶಕ್ತಿ ಮರಳುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಆಮೇಲೂ ಒಂದು ವರ್ಷದವರೆಗೆ ನಿಧಾನವಾಗಿ ಸುಧಾರಣೆ ಇರುತ್ತದೆ. ನಿಮ್ಮ ಅತ್ತೆಗೆ ಹತ್ತು ವಾರ ಕಳೆದಿದೆ, ಮುಂದೆ ಇನ್ನೂ ಸಾಕಷ್ಟು ಸಮಯ ಇದೆ. ನೀವು ಅವರನ್ನು ಮಲಗಿಸಿಟ್ಟಿದ್ದು ಅಕ್ಕರೆಯಿಂದ. ಈ ಭಾಗದಲ್ಲಿ ಎಲುಬು-ಕೀಲಿನ ವೈದ್ಯನಾಗಿ ಇಂಥ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ಸರಿಯಾಗಿ ನೋಡಿಕೊಳ್ಳಬೇಕು ಅನ್ನುವ ಮನೆಯಲ್ಲೇ ಈ ತೊಂದರೆ ಜಾಸ್ತಿ.

ಮೊದಲು ಏನು ಮುರಿದಿತ್ತು, ಏನು ಹಾಕಿದ್ದಾರೆ ಅಂತ ತಿಳಿದುಕೊಳ್ಳೋಣ. ಟೊಂಕ ಮುರೀತು ಅಂತ ನಾವು ಹೇಳುತ್ತೇವೆ, ಮುರಿದದ್ದು ತೊಡೆಯ ಎಲುಬಿನ ಮೇಲ್ತುದಿ. ಅಲ್ಲಿ ಎರಡು ಬಗೆಯ ಮುರಿತ ಮುಖ್ಯ. ಒಂದು, ಟೊಂಕದ ಕೀಲಿನೊಳಗೆ ಕೂರುವ ಎಲುಬಿನ ತುದಿಯ ಗುಂಡಿನ ಕೆಳಗೆ, ಕುತ್ತಿಗೆಯಂಥ ಜಾಗದಲ್ಲಿ ಆಗುವುದು. ಅಲ್ಲಿ ಮುರಿದರೆ ಆ ಗುಂಡಿನ ಭಾಗಕ್ಕೆ ಹೋಗುವ ರಕ್ತವೇ ನಿಂತುಹೋಗಬಹುದು. ಹಾಗಾಗಿ ವಯಸ್ಸಾದವರಲ್ಲಿ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸುತ್ತಾರೆ. ಇನ್ನೊಂದು, ಸ್ವಲ್ಪ ಕೆಳಗೆ, ದಪ್ಪ ಎಲುಬಿನ ಜಾಗದಲ್ಲಿ ಆಗುವುದು. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಎಲುಬು ಕೂಡುತ್ತದೆ. ಅದಕ್ಕೆ ಒಳಗಿನಿಂದ ರಾಡ್ ತೂರಿಸಿ, ಗುಂಡಿನವರೆಗೆ ಸ್ಕ್ರೂ ಹಾಕುತ್ತಾರೆ. ನೀವು ಕಳಿಸಿದ ಎಕ್ಸ್‌ರೇ ಫೋಟೋದಲ್ಲಿ ಕಾಣುವುದು ಈ ಎರಡನೆಯದು. ಫೋಟೋ ನೋಡಿ ಪೂರ್ತಿ ತೀರ್ಪು ಕೊಡುವುದು ಸರಿಯಲ್ಲ. ಆದರೆ ರಾಡ್, ಸ್ಕ್ರೂ ಜಾಗದಲ್ಲೇ ಇರುವಂತೆ ಕಾಣುತ್ತವೆ, ಮತ್ತು ನಿಮ್ಮ ಡಾಕ್ಟರು ಫಿಲಂ ಕೈಯಲ್ಲಿ ಹಿಡಿದು ಅದನ್ನೇ ಹೇಳಿದ್ದಾರೆ.

ಆ ರಾಡ್ ಹಾಕುವುದೇ ರೋಗಿ ಬೇಗ ನಿಲ್ಲಲಿ ಅಂತ. ಎಲುಬು ಕೂಡುವವರೆಗೆ ಮೈಭಾರ ಹೊರುವ ಕೆಲಸ ಅದರದ್ದು. ಇವತ್ತು ಜಗತ್ತಿನ ಬಹುತೇಕ ಕಡೆ ಈ ಆಪರೇಷನ್ ಆದ ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ತಡೆಯುವಷ್ಟು ಭಾರ ಹಾಕಿಸುತ್ತಾರೆ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲೂ ಅದೇ ಬರೆದಿದೆ: ವಾಕರ್ ಹಿಡಿದು, ತಡೆಯುವಷ್ಟು ಭಾರ ಹಾಕಿ ನಡೆಯಬೇಕು. ಅದು ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಯಾರೂ ಓದಿ ಹೇಳಿಲ್ಲ. ಇದು ನಮ್ಮ ಆಸ್ಪತ್ರೆಗಳು ಸರಿಪಡಿಸಿಕೊಳ್ಳಬೇಕಾದ ವಿಷಯ. ಮನೆಗೆ ಹೋಗುವ ದಿನ ಐದು ನಿಮಿಷ ಕೂತು ಕನ್ನಡದಲ್ಲಿ ಹೇಳಿ ಕಳಿಸಿದ್ದರೆ ಈ ಹತ್ತು ವಾರ ಹೀಗೆ ಹೋಗುತ್ತಿರಲಿಲ್ಲ.

ಹಾಗಾದರೆ ಮೂರು ತಿಂಗಳ ಮಾತು ಎಲ್ಲಿಂದ ಬಂತು? ಅದು ಸುಳ್ಳಲ್ಲ, ಹಳೆಯದು. ರಾಡ್ ಇಲ್ಲದ ಕಾಲದಲ್ಲಿ ಕಾಲಿಗೆ ತೂಕ ಕಟ್ಟಿ ಜಗ್ಗಿಸಿ ಎರಡು-ಮೂರು ತಿಂಗಳು ಮಲಗಿಸುತ್ತಿದ್ದರು. ಎಲುಬು ಕೂಡಲು ಬೇರೆ ದಾರಿ ಇರಲಿಲ್ಲ. ಊರಿನ ಹಿರಿಯರು ಕಂಡದ್ದು ಅದನ್ನು. ಅವರು ಕಂಡ ಇನ್ನೊಂದು ಸಂಗತಿಯೂ ಇದೆ, ಆ ಕಾಲದಲ್ಲಿ ಹಾಗೆ ಮಲಗಿದವರಲ್ಲಿ ಎಷ್ಟೋ ಜನ ಮತ್ತೆ ಏಳಲೇ ಇಲ್ಲ. ಬೆನ್ನಿಗೆ ಹುಣ್ಣಾಗಿಯೋ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿಯೋ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಯೋ ಹೋಗುತ್ತಿದ್ದರು.

ಮಲಗಿದರೆ ಮೈಗೆ ಏನಾಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಆರೋಗ್ಯವಾಗಿದ್ದ ವಯಸ್ಸಾದವರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ಅಳೆದು ನೋಡಿದ್ದಾರೆ. ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಕಾಯಿಲೆ ಇಲ್ಲದವರ ಲೆಕ್ಕ ಇದು. ನಿಮ್ಮ ಅತ್ತೆಗೆ ಮುರಿತ, ಆಪರೇಷನ್, ರಕ್ತ ಹೋದದ್ದು, ಗಂಜಿ ಊಟ ಎಲ್ಲ ಸೇರಿದೆ. ಅವರ ಕಾಲು ಸೊರಗಿರುವುದು ರಾಡ್ ಕೆಟ್ಟಿದ್ದರಿಂದ ಅಲ್ಲ, ಮಲಗಿದ್ದರಿಂದ. ಕೂರಿಸಿದರೆ ತಲೆ ಸುತ್ತುವುದಕ್ಕೂ ದೊಡ್ಡ ಕಾರಣ ಅದೇ. ತಿಂಗಳುಗಟ್ಟಲೆ ಮಲಗಿದ ಮೈ, ಎದ್ದಾಗ ರಕ್ತದ ಒತ್ತಡವನ್ನು ಹಿಡಿದಿಡುವುದನ್ನು ಮರೆತಿರುತ್ತದೆ. ಮೇಲೆ ಬಿ.ಪಿ. ಮಾತ್ರೆ ಬೇರೆ. ಊಟ ಅರ್ಧಕ್ಕೆ ಇಳಿದು, ಮಾತ್ರೆ ಮಾತ್ರ ಮೊದಲಿನಷ್ಟೇ ನಡೆದರೆ ಬಿ.ಪಿ., ಶುಗರ್ ಎರಡೂ ತೀರಾ ಕೆಳಗೆ ಹೋಗಬಹುದು.

ಈಗ ನನಗೆ ಕಾಲಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ ಮಾತಿಗೆ ಬರುತ್ತೇನೆ. ಹಗಲು ಮಂಪರು, ರಾತ್ರಿ ತೀರಿಹೋದವರ ಜೊತೆ ಮಾತು. ಇದನ್ನು ಅರಳುಮರಳು ಅಂತಲೋ, ಗಾಳಿ ಸೋಕಿದೆ ಅಂತಲೋ ಬಿಟ್ಟುಬಿಡಬೇಡಿ. ವೈದ್ಯರು ಇದನ್ನು ಡೆಲಿರಿಯಂ ಅನ್ನುತ್ತಾರೆ. ಮೈಯಲ್ಲಿ ಏನೋ ಏರುಪೇರಾದಾಗ ವಯಸ್ಸಾದವರ ಮಿದುಳು ಹೀಗೆ ತಪ್ಪುತ್ತದೆ. ಟೊಂಕದ ಆಪರೇಷನ್ ಆದವರಲ್ಲಿ ಇದು ತುಂಬಾ ಸಾಮಾನ್ಯ. ಕಾರಣ ಹುಡುಕಿ ಸರಿಪಡಿಸಿದರೆ ಬಹಳಷ್ಟು ಜನ ಮೊದಲಿನ ತಿಳಿವಿಗೆ ಬರುತ್ತಾರೆ. ಹುಡುಕದೆ ಬಿಟ್ಟರೆ ಅಪಾಯ.

ಕಾರಣಗಳು ನಿಮ್ಮ ಪತ್ರದಲ್ಲೇ ಇವೆ ಅಂತ ನನ್ನ ಅನುಮಾನ. ಈಗ ಮೇ ತಿಂಗಳು. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮಂಚದ ಮೇಲೆ ಇರುವ ಹೆಂಗಸರು ಪದೇ ಪದೇ ಒಂದಕ್ಕೆ ಎತ್ತಿಸಿಕೊಳ್ಳಬೇಕಲ್ಲ, ಸೊಸೆಗೆ ಎಷ್ಟು ತೊಂದರೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕಡಿಮೆಯಾದರೆ ಮೂತ್ರದಲ್ಲಿ ಸೋಂಕು, ಮಲಬದ್ಧತೆ. ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಏರುಪೇರಾಗಬಹುದು. ಇವುಗಳಲ್ಲಿ ಯಾವುದೇ ಒಂದು ಸಾಕು ತಲೆ ಕೆಡಿಸಲು. ಅದರ ಮೇಲೆ ಅಂಗಡಿಯ ನಿದ್ದೆ ಮಾತ್ರೆ. ಅದು ವಯಸ್ಸಾದವರಿಗೆ ರಾತ್ರಿ ಗಲಿಬಿಲಿ, ಹಗಲು ಮಂಪರು, ಎದ್ದರೆ ಬೀಳುವ ಭಯ ಎಲ್ಲವನ್ನೂ ಹೆಚ್ಚಿಸುತ್ತದೆ.

ಆದರೆ ಒಂದು ಎಚ್ಚರ. ವಾರಗಟ್ಟಲೆ ಕೊಟ್ಟ ನಿದ್ದೆ ಮಾತ್ರೆಯನ್ನು ಇವತ್ತೇ ದಿಢೀರ್ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಹಾಗೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಈ ವಾರವೇ ಕುಷ್ಟಗಿಯ ತಾಲೂಕು ಆಸ್ಪತ್ರೆಯಲ್ಲೋ ನಿಮಗೆ ಗೊತ್ತಿರುವ ಫಿಸಿಷಿಯನ್ ಹತ್ತಿರವೋ ತೋರಿಸಿ, ಹೇಗೆ ಇಳಿಸಬೇಕು ಕೇಳಿ. ಜೊತೆಗೆ ಮೂತ್ರ ಪರೀಕ್ಷೆ, ಹಿಮೋಗ್ಲೋಬಿನ್, ಶುಗರ್, ಸೋಡಿಯಂ, ಕಿಡ್ನಿಗೆ ಸಂಬಂಧಿಸಿದ ಕ್ರಿಯಾಟಿನಿನ್ ಮಾಡಿಸಿ. ಬಿ.ಪಿ.ಯನ್ನು ಮಲಗಿದ್ದಾಗ ಒಂದು ಸಲ, ಕೂರಿಸಿ ಒಂದು ಸಲ ನೋಡಲು ಹೇಳಿ. ಸುಮ್ನೆ ಮಲಗಿದ್ದಾಗ ನೋಡಿದರೆ ತಲೆಸುತ್ತಿನ ಕಾರಣ ಸಿಗುವುದಿಲ್ಲ. ಮನೆಯಲ್ಲಿ ಮಾಡಬೇಕಾದ್ದು: ಹಗಲು ಕಿಟಕಿ ತೆರೆದು ಬೆಳಕು ಬರಲಿ, ಕನ್ನಡಕ ಇದ್ದರೆ ಹಾಕಿಸಿ, ಎಚ್ಚರ ಇಡಿ, ಮಾತಾಡಿಸಿ. ಮಾವನ ಹೆಸರು ಹಿಡಿದು ಮಾತಾಡಿದಾಗ ಜಗಳಕ್ಕೆ ಹೋಗಬೇಡಿ. ಕೈ ಹಿಡಿದು ಇದು ನಮ್ಮ ಮನೆ, ಈಗ ರಾತ್ರಿ, ನಾನು ಸೊಸೆ ಅಂತ ಮೆಲ್ಲಗೆ ಹೇಳಿ.

ಈಗ ಎಬ್ಬಿಸುವ ವಿಷಯ. ಮೊದಲು ಎರಡೂ ಮೀನಖಂಡ ನೋಡಿ. ಒಂದು ಕಾಲು ಊದಿ, ಬಿಗಿದು, ಮುಟ್ಟಿದರೆ ನೋವಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ತಿಳಿಯುವವರೆಗೆ ನಡೆಸಬೇಡಿ. ಅದಿಲ್ಲ ಅಂದರೆ ಇವತ್ತಿಂದಲೇ ಶುರು ಮಾಡಬಹುದು. ನಡಿಗೆಯಿಂದ ಅಲ್ಲ, ಕೂರುವುದರಿಂದ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿ. ತಲೆಸುತ್ತು ಇಳಿದ ಮೇಲೆ ಮಂಚದ ಅಂಚಿಗೆ ತಂದು ಎರಡೂ ಪಾದ ನೆಲಕ್ಕೆ ತಾಗುವಂತೆ ಕೂರಿಸಿ. ಐದು ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಸಲ. ಕೂತಲ್ಲೇ ಪಾದ ಮೇಲೆ-ಕೆಳಗೆ ಆಡಿಸಲಿ, ಮೊಣಕಾಲು ಚಾಚಿ ಹಿಡಿಯಲಿ. ಎರಡು-ಮೂರು ದಿನದಲ್ಲಿ ಕುರ್ಚಿಗೆ ಬರಲಿ. ಊಟ ಮೂರೂ ಹೊತ್ತು ಕುರ್ಚಿಯಲ್ಲೇ ಆಗಲಿ, ಹಾಸಿಗೆಯಲ್ಲಿ ಬೇಡ.

ನಿಲ್ಲಿಸುವಾಗ ಮೊದಲ ಕೆಲವು ದಿನ ಇಬ್ಬರು ಇರಬೇಕು. ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಟೊಂಕಕ್ಕೆ ಗಟ್ಟಿ ಟವೆಲ್ ಸುತ್ತಿ ಅದನ್ನು ಹಿಡಿಯಿರಿ. ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಲಿ, ಮೈ ಮುಂದಕ್ಕೆ ಬಾಗಲಿ, ಆಮೇಲೆ ಏಳಲಿ. ವಾಕರ್ ಹಿಡಿ ಅವರ ಮಣಿಕಟ್ಟಿನ ಎತ್ತರಕ್ಕೆ ಇರಬೇಕು. ಎಷ್ಟೋ ಮನೆಯಲ್ಲಿ ಕೊಂಡ ದಿನದ ಎತ್ತರದಲ್ಲೇ ಇರುತ್ತದೆ. ಅಜ್ಜಿ ಗೂನು ಬಾಗಿ ಇಲ್ಲವೇ ಭುಜ ಎತ್ತಿ ನಡೆಯುತ್ತಿರುತ್ತಾರೆ. ವಾಕರ್ ಮುಂದಿಡಲಿ, ಆಪರೇಷನ್ ಆದ ಕಾಲು ಇಡಲಿ, ಆಮೇಲೆ ಒಳ್ಳೆ ಕಾಲು. ಮೊದಲ ದಿನ ಮಂಚದಿಂದ ಕುರ್ಚಿಗೆ ನಾಲ್ಕು ಹೆಜ್ಜೆ ಇಟ್ಟರೂ ಅದು ದೊಡ್ಡದೇ.

ನೋವು ಇರುತ್ತದೆ. ಡಾಕ್ಟರು ಬರೆದಿದ್ದರೆ ಪ್ಯಾರಸಿಟಮಾಲ್ ಮಾತ್ರೆಯನ್ನು ನಡೆಸುವ ಮುಕ್ಕಾಲು ಗಂಟೆ ಮುಂಚೆ ಕೊಡಿ. ನೋವಿನ ಭಯಕ್ಕೆ ಏಳದೆ ಇರುವುದಕ್ಕಿಂತ ಇದು ಮೇಲು. ಅಂಗಡಿಯವರು ಕೊಡುವ ಬೇರೆ ನೋವಿನ ಮಾತ್ರೆ ಬೇಡ, ಬಿ.ಪಿ., ಶುಗರ್ ಇರುವವರ ಕಿಡ್ನಿಗೆ ಅವು ಹೊಡೆತ ಕೊಡುತ್ತವೆ. ನಡೆದ ಮೇಲೆ ಸ್ವಲ್ಪ ನೋವು ಬಂದು ಒಂದೆರಡು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ದಿನದಿಂದ ದಿನಕ್ಕೆ ತೊಡೆಸಂದಿಯಲ್ಲಿ ನೋವು ಏರುತ್ತಾ ಹೋದರೆ, ಮೊನ್ನೆ ಹಾಕುತ್ತಿದ್ದ ಭಾರ ಇವತ್ತು ಹಾಕಲಾಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದರೆ ನಿಲ್ಲಿಸಿ, ಎಕ್ಸ್‌ರೇ ಮಾಡಿಸಿ.

ಊಟದ ಪಥ್ಯವನ್ನು ಇವತ್ತೇ ಬಿಡಿ. ನಂಜು ಅಂತ ನೀವು ಬಿಡಿಸಿದ್ದು ಬದನೆಕಾಯಿ ಒಂದನ್ನು ಬಿಟ್ಟರೆ ಅವರಿಗೆ ಅತಿ ಬೇಕಾದ ಊಟವನ್ನೇ. ಬದನೆಕಾಯಿಯಿಂದಲೂ ಗಾಯ ಕೀವಾಗುವುದಿಲ್ಲ, ಎಣ್ಣೆಗಾಯಿ ಇಷ್ಟವಾದರೆ ತಿನ್ನಲಿ. ತತ್ತಿ ತಿಂದರೂ ಕೀವಾಗುವುದಿಲ್ಲ, ಗಾಯ ಒಣಗಲು ತತ್ತಿಯ ಪ್ರೋಟೀನ್ ಬೇಕು. ಈ ಸ್ಥಿತಿಯಲ್ಲಿ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಸೇರಬೇಕು. 48 ಕಿಲೋ ತೂಕದವರಿಗೆ ಸುಮಾರು 58 ಗ್ರಾಂ. ಗಂಜಿ, ತಿಳಿಸಾರಿನಲ್ಲಿ ಅದರ ಕಾಲು ಭಾಗವೂ ಹೋಗುವುದಿಲ್ಲ. ನಮ್ಮ ಅಡುಗೆಮನೆಯಲ್ಲೇ ಲೆಕ್ಕ ಹಾಕೋಣ. ಎರಡು ತತ್ತಿಯಿಂದ 12 ಗ್ರಾಂ. ಅರ್ಧ ಲೀಟರ್ ಹಾಲು-ಮೊಸರಿನಿಂದ 16. ಐವತ್ತು ಗ್ರಾಂ ಹೆಸರುಬೇಳೆಯೋ ತೊಗರಿಯೋ ಹಾಕಿದ ಗಟ್ಟಿ ಬೇಳೆಯಿಂದ 11. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂನಿಂದ 7. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 10. ಅಲ್ಲಿಗೆ 56 ಆಯ್ತು. ಹಲ್ಲಿಲ್ಲದಿದ್ದರೆ ಬಿಸಿ ರೊಟ್ಟಿಯನ್ನು ಬೇಳೆಯಲ್ಲೋ ಹಾಲಿನಲ್ಲೋ ನೆನೆಸಿ ಕೊಡಿ, ಶೇಂಗಾವನ್ನು ಹಿಂಡಿಯಾಗಿ ಕೊಡಿ. ತತ್ತಿ ತಿನ್ನದ ಮನೆಯಾದರೆ ಹಾಲು, ಮೊಸರು, ಮೊಳಕೆ ಹೆಸರು ಜಾಸ್ತಿ ಮಾಡಿ. ಶುಗರ್ ಇರುವುದರಿಂದ ಕಿಡ್ನಿ ಪರೀಕ್ಷೆ ಮುಂಚೆ ಆಗಲಿ. ಕ್ರಿಯಾಟಿನಿನ್ ಏರಿದ್ದರೆ ಈ ಅಳತೆಯನ್ನು ವೈದ್ಯರು ಬದಲಿಸುತ್ತಾರೆ.

ಎಣ್ಣೆ ತಿಕ್ಕುವುದು ಬೇಡ. ಬೆನ್ನಿಗೆ, ಅಂಗಾಲಿಗೆ ನೀವೇ ಮೆಲ್ಲಗೆ ಎಣ್ಣೆ ಹಚ್ಚಿದರೆ ತೊಂದರೆಯಿಲ್ಲ. ಆಪರೇಷನ್ ಆದ ತೊಡೆಯನ್ನು ಒತ್ತಿ ತಿಕ್ಕುವುದು, ಕಾಲು ಜಗ್ಗಿ ತಿರುಗಿಸುವುದು, ಮೀನಖಂಡ ಹಿಸುಕುವುದು ಅಪಾಯ. ಒಳಗೆ ಹೆಪ್ಪು ಕಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ರಾಡ್ ತೆಗೆಸಬೇಕಾ ಅಂತ ಕೆಲವರು ಕೇಳುತ್ತಾರೆ. ತೊಂದರೆ ಕೊಡದಿದ್ದರೆ ಈ ವಯಸ್ಸಿನಲ್ಲಿ ತೆಗೆಯುವುದಿಲ್ಲ, ಅಲ್ಲೇ ಇರುತ್ತದೆ.

ಮೊದಲಿನ ಹಾಗೆ ಆಗುತ್ತಾರಾ ಅಂತ ಕೇಳಿದ್ದೀರಿ. ಇದಕ್ಕೆ ಸಿಹಿ ಮಾತಿನ ಉತ್ತರ ಕೊಡುವುದಿಲ್ಲ. ಟೊಂಕ ಮುರಿದವರಲ್ಲಿ ಸುಮಾರು ಅರ್ಧ ಜನ ಮಾತ್ರ ಬೀಳುವ ಮುಂಚಿನಷ್ಟೇ ನಡೆಯುತ್ತಾರೆ. ಉಳಿದವರಲ್ಲಿ ಬಹಳ ಜನ ಮೊದಲು ಬರಿಗೈಯಲ್ಲಿ ನಡೆಯುತ್ತಿದ್ದರೆ ಈಗ ಕೋಲು ಹಿಡಿಯುತ್ತಾರೆ, ಕೋಲು ಹಿಡಿಯುತ್ತಿದ್ದವರು ವಾಕರಿಗೆ ಬರುತ್ತಾರೆ. ಐವರಲ್ಲಿ ಒಬ್ಬರು, ಕೆಲವು ಕಡೆ ಇನ್ನೂ ಜಾಸ್ತಿ, ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮೂರು ತಿಂಗಳು ಕಾಯೋಣ ಅನ್ನುವ ಮನೆಯವರಿಗೆ ಕಾಯುವುದರಲ್ಲೂ ಅಪಾಯ ಇದೆ ಅಂತ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ನಿಮ್ಮ ಅತ್ತೆಯ ಪರವಾಗಿ ಒಂದು ದೊಡ್ಡ ಸಂಗತಿ ಇದೆ. ಬೀಳುವ ಮುಂಚೆ ಮನೆಯ ರೊಟ್ಟಿಯೆಲ್ಲ ಬಡಿಯುತ್ತಿದ್ದರು, ಜಾತ್ರೆಗೆ ಹೋಗುತ್ತಿದ್ದರು. ಮುಂಚೆ ಎಷ್ಟು ಓಡಾಡುತ್ತಿದ್ದರು ಅನ್ನುವುದೇ ಮುಂದೆ ಎಷ್ಟು ಮರಳುತ್ತದೆ ಅನ್ನುವುದಕ್ಕೆ ಒಳ್ಳೆಯ ಸೂಚನೆ.

ಎಲ್ಲ ಶಕ್ತಿಯೂ ಒಟ್ಟಿಗೆ ಮರಳುವುದಿಲ್ಲ. ಮೇಲಿನ ಬಟ್ಟೆ ಹಾಕಿಕೊಳ್ಳುವುದು, ಕೈಯಿಂದ ಆಗುವ ಕೆಲಸ ನಾಲ್ಕು ತಿಂಗಳ ಹೊತ್ತಿಗೆ ಬರುತ್ತವೆ. ಮನಸ್ಸು, ತಿಳಿವು ಕೂಡ ಸುಮಾರು ಆಗಲೇ ತಿಳಿಯಾಗುತ್ತದೆ. ನಡಿಗೆಯ ಹದ, ತೋಲ ಎಂಟೊಂಬತ್ತು ತಿಂಗಳು ತೆಗೆದುಕೊಳ್ಳುತ್ತದೆ. ಮೆಟ್ಟಿಲು ಹತ್ತುವುದು, ಕೆಳಗಿನ ಆಸನದಿಂದ ಏಳುವುದು ಇನ್ನೂ ನಿಧಾನ, ವರ್ಷದವರೆಗೂ ಹೋಗಬಹುದು. ನಿಮ್ಮದು ತಡವಾಗಿ ಶುರುವಾಗುತ್ತಿದೆ, ಈ ಲೆಕ್ಕಕ್ಕೆ ಸ್ವಲ್ಪ ಸೇರಿಸಿಕೊಳ್ಳಿ. ಒಂದು ಕಾಲು ಚೂರು ಗಿಡ್ಡ ಅನ್ನಿಸಬಹುದು. ಈ ಮುರಿತದಲ್ಲಿ ಅದು ಸಾಮಾನ್ಯ. ಒಂದು ಸೆಂಟಿಮೀಟರಿಗಿಂತ ಹೆಚ್ಚಿದ್ದು ಕುಂಟು ಕಂಡರೆ ಚಪ್ಪಲಿಯ ತಳ ಎತ್ತರಿಸಬಹುದು.

ನನ್ನ ಅನುಭವದಲ್ಲಿ ಚೇತರಿಕೆಯನ್ನು ಎಕ್ಸ್‌ರೇಯಿಂದ ಅಳೆಯುವ ಮನೆಗಳಲ್ಲಿ ಅಜ್ಜಿ ಮಂಚದಲ್ಲೇ ಉಳಿಯುತ್ತಾರೆ. ಎಲುಬು ಕೂಡಲಿ, ಆಮೇಲೆ ನೋಡೋಣ ಅನ್ನುತ್ತಲೇ ದಿನ ಹೋಗುತ್ತದೆ. ಅಳೆಯಬೇಕಾದ್ದು ಬೇರೆ. ಸಂಡಾಸಿಗೆ ತಾವೇ ಹೋಗಿ ಬರುತ್ತಾರಾ? ತಮ್ಮ ಊಟ ತಾವು ಬಡಿಸಿಕೊಳ್ಳುತ್ತಾರಾ? ನಿಮ್ಮ ಅತ್ತೆಗೆ ಇನ್ನೊಂದು ಸೇರಿಸುತ್ತೇನೆ: ಒಲೆಯ ಮುಂದೆ ಕೆಲಸ ಮಾಡುತ್ತಾರಾ? "ನನ್ನದು ಮುಗೀತು" ಅನ್ನುವ ಮಾತನ್ನು ಹಗುರ ಮಾಡಬೇಡಿ. ಮನೆಯ ರೊಟ್ಟಿಯೆಲ್ಲ ಅವರ ಕೈಯದೇ ಆಗಿತ್ತು. ಈಗ ಒಂದಕ್ಕೂ ಎರಡಕ್ಕೂ ಬೇರೆಯವರನ್ನು ಕರೆಯಬೇಕು. ಬೇಸರ ಆಗದೆ ಇರುತ್ತದಾ? ಕುರ್ಚಿಯಲ್ಲಿ ಕೂರುವಂತಾದ ದಿನವೇ ಮುಂದೆ ಎತ್ತರದ ಮೇಜು ಇಟ್ಟು ಸೊಪ್ಪು ಸೋಸಲು, ಬೆಳ್ಳುಳ್ಳಿ ಸುಲಿಯಲು ಕೊಡಿ. ಪಾಪ ಬೇಡ ಅಂತ ಕೈಯಿಂದ ಕಿತ್ತುಕೊಳ್ಳಬೇಡಿ. ನಿಲ್ಲುವುದು ಗಟ್ಟಿಯಾದ ಮೇಲೆ ಗ್ಯಾಸ್ ಕಟ್ಟೆಯ ಎತ್ತರದಲ್ಲಿ ರೊಟ್ಟಿ ಬಡಿಯಲಿ. ನೆಲದಲ್ಲಿ ಕೂತು ಬಡಿಯುವುದು ಬೇಡ. ಮಾಡುವ ಕೆಲಸ ಸಿಕ್ಕವರು ಬೇಗ ಏಳುವುದನ್ನು ನೋಡಿದ್ದೇನೆ. ಎರಡು-ಮೂರು ವಾರ ಹೀಗೆ ಮಾಡಿದ ಮೇಲೂ ಅಳು, ಊಟ ಬೇಡ, ಸಾಯುತ್ತೇನೆ ಅನ್ನುವುದು ನಡೆದರೆ ಅದು ಖಿನ್ನತೆ ಇರಬಹುದು. ಔಷಧಿ ಇದೆ, ಮಾನಸಿಕ ವೈದ್ಯರಿಗೆ ತೋರಿಸಲು ಹಿಂಜರಿಯಬೇಡಿ.

ಜಾತ್ರೆ ಜನವರಿಯಲ್ಲಿ. ಇನ್ನೂ ಏಳೆಂಟು ತಿಂಗಳಿದೆ. ತೇರಿನ ದಿನದ ನೂಕುನುಗ್ಗಲು ಬೇಡ. ಜನ ಕಡಿಮೆ ಇರುವ ಹೊತ್ತು ನೋಡಿ ಗಾಡಿಯಲ್ಲಿ ಹೋಗಿ, ಕೋಲು ಹಿಡಿದು, ಒಬ್ಬರ ಆಸರೆಯಲ್ಲಿ ಗದ್ದುಗೆಗೆ ಕೈಮುಗಿದು ಬರುವುದನ್ನು ಗುರಿ ಇಟ್ಟುಕೊಳ್ಳಿ, ಅದು ಅತಿಯಾಸೆ ಅಲ್ಲ. ಅವರಿಗೆ ಅದನ್ನು ಈಗಲೇ ಹೇಳಿ.

ಯಾರಿಂದ ವ್ಯಾಯಾಮ ಮಾಡಿಸುವುದು? ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಮೊದಲ ಒಂದು ತಿಂಗಳು ತುಂಬಾ ಅನುಕೂಲ. ಮಂಚ, ಹೊಸ್ತಿಲು, ಬಚ್ಚಲು ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಖರ್ಚಿದೆ, ಹಳ್ಳಿಗೆ ಬರುವವರು ಕಡಿಮೆ. ವಾರಕ್ಕೆ ಎರಡು ಸಲ ಬಂದರೂ ಸಾಕು, ಉಳಿದ ದಿನ ನೀವು ಮಾಡಿಸಬೇಕು. ಅವರು ಬಂದ ದಿನ ಮಾತ್ರ ಎದ್ದರೆ ಏನೂ ಉಪಯೋಗವಿಲ್ಲ. ಕೊಪ್ಪಳ, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ರಾಯಚೂರಿನ ರಿಮ್ಸ್‌ನಲ್ಲಿ ಫಿಸಿಯೋಥೆರಪಿ ಸಿಗುತ್ತದೆ. ಆದರೆ ಈಗಿನ ಸ್ಥಿತಿಯಲ್ಲಿ ದಿನಾ ಕೊಪ್ಪಳಕ್ಕೆ ಹೋಗಿ ಬರುವುದು ಅತ್ತೆಗೆ ಸುಸ್ತು. ಒಂದೆರಡು ಸಲ ಹೋಗಿ, ವ್ಯಾಯಾಮವನ್ನು ನಿಮ್ಮ ಕೈಯಲ್ಲೇ ಮಾಡಿಸಿ ಕಲಿತು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ರಕ್ತ ಪರೀಕ್ಷೆಯಲ್ಲಿ ಏರುಪೇರು ಕಂಡರೆ, ಮಂಪರು ಇಳಿಯದಿದ್ದರೆ ಕೆಲವು ದಿನ ಅಡ್ಮಿಟ್ ಮಾಡಿ ಅಲ್ಲೇ ಎಬ್ಬಿಸಿ ನಡೆಸುವುದು ಒಳ್ಳೆಯದು. ಅದರಲ್ಲೂ ಒಂದು ತೊಂದರೆ ಇದೆ, ಹೊಸ ಜಾಗದಲ್ಲಿ ಗಲಿಬಿಲಿ ಮೊದಲೆರಡು ದಿನ ಹೆಚ್ಚಾಗಬಹುದು. ಮನೆಯವರು ಒಬ್ಬರು ಪಕ್ಕದಲ್ಲೇ ಇರಬೇಕು.

ಕೆಳಗೆ ಕೂರುವುದು, ಕುಕ್ಕರಗಾಲು ಕೂರುವುದು ಈಗ ಬೇಡ. ರಾಡ್ ಹಾಕಿದವರು ಎಲುಬು ಪೂರ್ತಿ ಕೂಡಿ ಶಕ್ತಿ ಬಂದ ಮೇಲೆ ಕೂತರೆ ಎಲುಬಿಗೆ ಏನೂ ಆಗುವುದಿಲ್ಲ, ಆದರೆ ಏಳುವಾಗ ಬೀಳುವ ಅಪಾಯ ಜಾಸ್ತಿ. ಸಂಡಾಸಿನ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಓದುವವರಲ್ಲಿ ಯಾರ ಮನೆಯಲ್ಲಾದರೂ ಗುಂಡು ಬದಲಿಸಿದ ಆಪರೇಷನ್ ಆಗಿದ್ದರೆ ನಿಯಮ ಬೇರೆ. ಅವರು ನೆಲದಲ್ಲಿ ಕೂತರೆ, ಕಾಲ ಮೇಲೆ ಕಾಲು ಹಾಕಿದರೆ, ಬಗ್ಗಿ ಚಪ್ಪಲಿ ಹಾಕಿಕೊಂಡರೆ ಗುಂಡು ಜಾರಬಹುದು. ಮೊದಲ ಮೂರು ತಿಂಗಳು ಈ ಭಯ ಹೆಚ್ಚು. ಯಾವ ಆಪರೇಷನ್ ಆಗಿದೆ ಅಂತ ಚೀಟಿ ನೋಡಿಸಿ ತಿಳಿದುಕೊಳ್ಳದೆ ಪಕ್ಕದ ಮನೆಯವರ ಸಲಹೆ ಪಾಲಿಸಬೇಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಮನೆಯೊಳಗೆ ಜಾರಿ ಬಿದ್ದಷ್ಟಕ್ಕೆ ಟೊಂಕ ಮುರಿದಿದೆ ಅಂದರೆ ಎಲುಬು ಮೊದಲೇ ಬಡವಾಗಿತ್ತು. ಇನ್ನೊಂದು ಕಡೆಯ ಟೊಂಕಕ್ಕೂ ಅದೇ ಅಪಾಯ ಇದೆ. ಆದರೂ ಎಲುಬು ಗಟ್ಟಿಮಾಡುವ ಔಷಧಿ ಸಿಗದೆ ಮನೆಗೆ ಹೋಗುವವರೇ ಜಾಸ್ತಿ, ಅದು ನನಗೆ ಬೇಸರ ತರುವ ಸಂಗತಿ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ 5 ಮಿಲಿಗ್ರಾಂ ಜೋಲೆಡ್ರೋನಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಇದೆ. 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಟೊಂಕದ ಆಪರೇಷನ್ ಆಗಿ 90 ದಿನದೊಳಗೆ ಇದನ್ನು ಶುರು ಮಾಡಿದವರಲ್ಲಿ ಹೊಸ ಮುರಿತ 35 ಶೇಕಡಾ ಕಡಿಮೆಯಾಯ್ತು, ಸಾವು 28 ಶೇಕಡಾ ಕಡಿಮೆಯಾಯ್ತು. ಕೊಡುವ ಮುಂಚೆ ಕಿಡ್ನಿ ಚೆನ್ನಾಗಿರಬೇಕು, ವಿಟಮಿನ್ ಡಿ, ಕ್ಯಾಲ್ಸಿಯಂ ಸಾಕಷ್ಟಿರಬೇಕು, ಕೊಳೆತ ಹಲ್ಲಿದ್ದರೆ ಮೊದಲು ತೋರಿಸಬೇಕು. ಕೊಟ್ಟ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ವಾರಕ್ಕೊಂದು ಮಾತ್ರೆಯೂ ಇದೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು, ಈಗ ನಿಮ್ಮ ಅತ್ತೆಗೆ ಅದು ಕಷ್ಟ. ಈ ಮಾತನ್ನು ಮುಂದಿನ ಭೇಟಿಯಲ್ಲಿ ನೀವೇ ಎತ್ತಿ ಕೇಳಿ.

ನಮ್ಮ ಭಾಗಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬಹಳ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ ಸೇರುತ್ತದೆ. ಅಂಥ ಎಲುಬು ಎಕ್ಸ್‌ರೇಯಲ್ಲಿ, ಸಾಂದ್ರತೆಯ ಸ್ಕ್ಯಾನಿನಲ್ಲಿ ದಪ್ಪ ಕಾಣುತ್ತದೆ. ಆದರೆ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯುತ್ತದೆ. ಹಾಗಾಗಿ ಸ್ಕ್ಯಾನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ನಂಬಿ ಕೂರಬೇಡಿ. ಬೆನ್ನು, ಕುತ್ತಿಗೆ ಬಿಗಿತ ಮೊದಲಿನಿಂದ ಇದ್ದರೆ, ಮನೆಯಲ್ಲಿ ಮಕ್ಕಳ ಹಲ್ಲು ಕಂದು ಪಟ್ಟೆಯಾಗಿದ್ದರೆ ಡಾಕ್ಟರಿಗೆ ಹೇಳಿ, ಔಷಧಿ ಆರಿಸುವಾಗ ಅದು ಮುಖ್ಯ. ನೀರು ಪರೀಕ್ಷೆ ಮಾಡಿಸಿ. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಕುಡಿಯಲು, ಅಡುಗೆಗೆ ಎರಡಕ್ಕೂ ಅದನ್ನೇ ಬಳಸಿ.

ಬಿದ್ದ ಬಚ್ಚಲನ್ನು ಮೊದಲು ಸರಿ ಮಾಡಿ. ನುಣುಪಾದ ಬಂಡೆಯ ಮೇಲೆ ಜಾರದ ರಬ್ಬರ್ ಮ್ಯಾಟ್, ಗೋಡೆಗೆ ಗಟ್ಟಿ ಹಿಡಿಕೆ, ಕೂತು ಸ್ನಾನ ಮಾಡಲು ಸ್ಟೂಲು, ರಾತ್ರಿ ಉರಿಯುವ ಒಂದು ಸಣ್ಣ ಬಲ್ಬು. ಕಣ್ಣಿನ ಪೊರೆ ಇದೆಯಾ ನೋಡಿಸಿ.

ಇನ್ನು ಮೈದುನರ ಮಾತು. ಎರಡನೇ ಆಪರೇಷನ್ ಬೇಕಾಗುವುದು ಸ್ಕ್ರೂ ಗುಂಡನ್ನು ಕೊರೆದು ಹೊರಬಂದಾಗ, ರಾಡ್ ಮುರಿದಾಗ, ಎಲುಬು ಕೂಡದೆ ಉಳಿದಾಗ, ಒಳಗೆ ಕೀವಾದಾಗ. ನೀವು ಹೇಳಿದ್ದರಲ್ಲಿ ಇವು ಯಾವುದೂ ಇಲ್ಲ. ಸೊರಗಿದ ಕಾಲಿಗೆ ಆಪರೇಷನ್ ಇಲ್ಲ. ಈ ಸ್ಥಿತಿಯಲ್ಲಿ ಮತ್ತೆ ಅರಿವಳಿಕೆ, ಮತ್ತೆ ರಕ್ತಸ್ರಾವ, ಮತ್ತೆ ವಾರಗಟ್ಟಲೆ ಹಾಸಿಗೆ ಆದರೆ ಇರುವ ಶಕ್ತಿಯೂ ಹೋಗುತ್ತದೆ. ಅನುಮಾನ ಉಳಿದಿದ್ದರೆ ಮೂರೂ ಎಕ್ಸ್‌ರೇ, ಅಂದರೆ ಆಪರೇಷನ್ ಮರುದಿನದ್ದು, ಆರನೇ ವಾರದ್ದು, ಮೊನ್ನೆಯದು ತೆಗೆದುಕೊಂಡು ಮೈದುನರೊಬ್ಬರೇ ಹುಬ್ಬಳ್ಳಿಗೆ ಹೋಗಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ ಬರಲಿ. ಅಷ್ಟು ದಿನ ಅತ್ತೆಯನ್ನು ಎಬ್ಬಿಸುವುದು ನಿಲ್ಲದಿರಲಿ.

ಗಾಯದಿಂದ ನೀರು ಅಥವಾ ಕೀವು, ಚಳಿಜ್ವರ, ಒಂದೇ ಕಾಲು ಊತ, ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಕಿತ್ತುಬರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ದಿಢೀರ್ ಉಸಿರುಗಟ್ಟಿದರೆ, ಎದೆನೋವು ಬಂದರೆ, ಎಬ್ಬಿಸಿದರೂ ಎಚ್ಚರ ಆಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.